ಮೂವತ್ತೆರಡು ಮನೆಯ ಕೋಳಿ

ಉಮದಿಯ ಕನ್ನಡ ಶಾಲೆಯಲ್ಲಿ, ನಾವು ಲ್ಯಾಬ್ ಎಂದು ಕರೆಯುವ
ಹಳೆಯ ಉಗ್ರಾಣದ ಕೋಣೆಯಲ್ಲಿ
ತೊಗರಿಬೇಳೆಯ ಚೀಲಕ್ಕೆ ಬೆನ್ನು ಕೊಟ್ಟು
ಒಂದು ಕಂಪ್ಯೂಟರು ಇನ್ನೂ ಉಸಿರಾಡುತ್ತದೆ
ಉಬ್ಬಸದವರ ಹಾಗೆ.

ಟ್ರಂಕಿನ ತಳದಲ್ಲಿ ಒಂದು ಸಿ.ಡಿ. ಸಿಕ್ಕಿತು.
ಮೇಲೆ ಯಾರದೋ ದುಂಡು ಅಕ್ಷರ:
‘ಪೇಂಟ್ ಚಿತ್ರಗಳು. ಐದನೆಯ ಇಯತ್ತೆ. ಅಳಿಸಬೇಡಿ.’
ನಲವತ್ತೊಂದು ಫೈಲು. ಮೂವತ್ತು ತೆರೆಯಲಿಲ್ಲ.
ತೆರೆದವುಗಳಲ್ಲಿ ಆರು ಧ್ವಜ,
ಮೂರು ಸಲ ಎರಡು ಗುಡ್ಡದ ನಡುವಿನ ಸೂರ್ಯ,
ಒಂದು ಬರಿಯ ಕಪ್ಪು, ಬಣ್ಣದ ಬಕೆಟ್ಟು ಚೆಲ್ಲಿರಬೇಕು,
ಮತ್ತೊಂದು ಕೋಳಿ.

ಮೌಸು ಹಿಡಿಯಲು ಬಾರದ ಕೈ ಎಳೆದ ಕೋಳಿ.
ಮೆಟ್ಟಿಲು ಮೆಟ್ಟಿಲಾದ ಬೆನ್ನು,
ಎರಡು ಕಾಲಿಗೆ ಸೇರಿ ಏಳು ಬೆರಳು.
ನೆತ್ತಿಯ ಮೇಲೆ ಮಾತ್ರ ಎಂಥ ಕೆಂಪು!

ಹುಡುಗರಿಗೆ ಬಾಣ ನೋಡಿ ನೋಡಿ ಬೇಸರ ಬಂದಿತ್ತು.
ಬಾಣದ ಜಾಗಕ್ಕೆ ಕೋಳಿ ಬಿಡೋಣ ಎಂದೆ.

ಮೊಬೈಲನ್ನು ಕಿಟಕಿಯ ಸರಳಿಗೆ ಕಟ್ಟಿದರೆ ಎರಡು ಕಡ್ಡಿ ನೆಟ್ಟು.
ಚಿತ್ರ ಕೊಟ್ಟರೆ ಕರ್ಸರ್ ಮಾಡಿಕೊಡುವ ಸೈಟು, ಪುಕ್ಕಟೆ,
ಎಡಕ್ಕೂ ಬಲಕ್ಕೂ ಕೂದಲೆಣ್ಣೆಯ ಜಾಹೀರಾತು.
ಮೊದಲು ಕೇಳಿತು: ಯಾವ ಬಣ್ಣ ಇಲ್ಲವಾಗಬೇಕು?
ಬಿಳಿ ಎಂದೆ.
ಅಂಗಳ ಹೋಯಿತು, ಆಕಾಶ ಹೋಯಿತು,
ಕೋಳಿಯ ಕಣ್ಣಿನ ಬಿಳಿಯೂ ಹೋಯಿತು.
ಈಗ ಅದರ ಕಣ್ಣಿನಲ್ಲಿ
ಹಿಂದೆ ಏನಿದೆಯೋ ಅದೇ ಕಾಣುತ್ತದೆ.

ಆಮೇಲೆ ಕೇಳಿತು: ಹಾಟ್‌ಸ್ಪಾಟ್ ಎಲ್ಲಿ?
ಕಿಟಕಿಗೆ ಕಟ್ಟಿದ್ದೇನಲ್ಲ ಎನ್ನುವವನಿದ್ದೆ.
ಅದು ಕೇಳಿದ್ದು ಬೇರೆ:
ಇಡೀ ಮೈಯಲ್ಲಿ ಲೋಕವನ್ನು ಮುಟ್ಟುವುದು ಯಾವ ಒಂದು ಚುಕ್ಕೆ?
ತಿಳಿಯಲಿಲ್ಲ. ಸೊನ್ನೆ, ಸೊನ್ನೆ ಎಂದಿದ್ದನ್ನು ಹಾಗೇ ಬಿಟ್ಟೆ.

ಮರುದಿನ ಕೋಳಿ ಪರದೆಯ ತುಂಬ ಓಡಾಡಿತು.
ಕೊಕ್ಕಿನಿಂದ ಕುಕ್ಕಿದರೆ ಫೋಲ್ಡರು ತೆರೆಯದು;
ಬಾಲದ ಮೇಲಿನ, ಏನೂ ಇಲ್ಲದ ಮೂಲೆ
ತಾಗಿದ ಕಡೆ ಯಾವುದೋ ಕಿಟಕಿ ತೆರೆಯುವುದು.
ನಮಗೇನು ಇದು ಹೊಸದಲ್ಲ.
ಪಾಠ ಕನ್ನಡ, ಸುತ್ತೋಲೆ ಮರಾಠಿ,
ಜತ್ತದಲ್ಲಿ ಅರ್ಜಿ ಕೊಟ್ಟರೆ ಸಾಂಗಲಿಯಲ್ಲಿ ಯಾರೋ ಕೆಮ್ಮುತ್ತಾರೆ.

ಚೌಕಾಬಾರದ ಹಾಗೆ ಪರದೆಗೆ ಬೆರಳಿಟ್ಟು ಮನೆ ಎಣಿಸಿದೆ.
ಅಡ್ಡ ಇಪ್ಪತ್ತೊಂಬತ್ತು, ಕೆಳಗೆ ಎಂಟು. ಕೊಕ್ಕಿನ ತುದಿ.
ಸೊಹೇಲ ಕುಕ್ಕಿದ. ತೆರೆಯಿತು!
ವರ್ಗ ಹಾಕಿದ ಕೂಗಿಗೆ ಅಡುಗೆಕೋಣೆಯಿಂದ ಬೌರವ್ವ ಬಂದಳು,
ಇವತ್ತು ತಾಟು ಎಷ್ಟು ಎಂದು ಕೇಳುವವಳು
ಸೌಟು ಹಿಡಿದೇ ನಿಂತಳು.

‘ಇದು ನನ್ನ ಕೋಳಿ ಅಲ್ಲೇನ್ರಿ ಸರ?’

ಐದನೆಯ ಇಯತ್ತೆ ಅವಳೂ ಇಲ್ಲೇ ಕೂತಿದ್ದಳಂತೆ.
ಆರನೆಯದು ಅವಳಿಗೆ ತೆರೆಯಲಿಲ್ಲ.
ಯಾಕೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.
ಅಕ್ಕಿಯಲ್ಲಿ ಹರಳು ಹುಡುಕುವ ಕಣ್ಣಿನಿಂದ
ಬಗ್ಗಿ ನೋಡಿದಳು.
‘ಬಾಲದ ಬುಡಕ ಒಂದು ತತ್ತಿ ಇತ್ತಲ್ರಿ.
ಅದನ್ನೆಲ್ಲಿ ಹಾಕಿದ್ರಿ?’

ಮೂಲ ಚಿತ್ರ ತೆರೆದೆ. ಇತ್ತು.
ಬಿಳಿಯ ಮೇಲೆ ಬಿಳಿ,
ಸುತ್ತ ಕೂದಲಿನಂಥ ಒಂದು ಬೂದುಗೆರೆ.
ಮೂವತ್ತೆರಡು ಮನೆಗೆ ಇಳಿಸುವಾಗ ಗೆರೆ ಉಳಿಯಲಿಲ್ಲ,
ಬಿಳಿ ಅಳಿಸುವಾಗ ತತ್ತಿ ಉಳಿಯಲಿಲ್ಲ.
ಎಷ್ಟು ವರ್ಷ ನೆನಪಿಟ್ಟಿದ್ದಳು, ಯಾರೂ ನೋಡದ್ದನ್ನು.

ಮತ್ತೆ ಮೊಬೈಲು ಕಟ್ಟಿದೆ.
ತತ್ತಿಯಷ್ಟನ್ನೇ ಕತ್ತರಿಸಿ, ಸುತ್ತಲಿನ ಅಂಗಳಕ್ಕೆ ಹಸಿರು ಬಳಿದು,
ಯಾವ ಬಣ್ಣ ಇಲ್ಲವಾಗಬೇಕೆಂದರೆ
ಈ ಸಲ ಹಸಿರು ಎಂದೆ.
ಕಾಯಿಸುವಾಗ ಬರುವ ಮರಳುಗಡಿಯಾರ ತೆಗೆದು
ಆ ಜಾಗಕ್ಕೆ ಇಟ್ಟೆ.

ಈಗ ಯಂತ್ರ ಯೋಚಿಸುವಾಗೆಲ್ಲ ಪರದೆಯ ನಡುವೆ ತತ್ತಿ.
ನಮ್ಮದು ಹಳೆಯ ಯಂತ್ರ, ಬಹಳ ಯೋಚಿಸುತ್ತದೆ.
ಮೊದಲಾದರೆ ಹುಡುಗರು ಮೌಸು ಹಿಡಿದು ಮೇಜಿಗೆ ಬಡಿಯುತ್ತಿದ್ದರು.
ಈಗ ಕೈ ಕಟ್ಟಿ, ಬಾಯಿ ಮುಚ್ಚಿ, ಸುತ್ತ ಕೂತು
ಒಡೆಯುವುದನ್ನು ಕಾಯುತ್ತಾರೆ.
ಬಾಗಿಲಿನಿಂದ ಬೌರವ್ವ ಮೆಲ್ಲಗೆ ಹೇಳುತ್ತಾಳೆ:
‘ಕಾವಿಗೆ ಕೂತದ. ಎಬ್ಬಸಬ್ಯಾಡ್ರಿ.’