ಬೀಡು

ಮಜಗಾಂವದ ಅಂಗಳದಲ್ಲಿ ಪಾಯ ತೋಡುವಾಗ
ಎರಡು ಸಿಕ್ಕವು: ಮೊಳದುದ್ದ, ಸೌತೆಕಾಯಿ ದಪ್ಪ,
ತಲೆಗೊಂದು ತೂತು. ಮುಟ್ಟಿದರೆ ತುಕ್ಕು
ಈರುಳ್ಳಿ ಸಿಪ್ಪೆಯಂತೆ ಪದರ ಬಿಟ್ಟಿತು.

ಕುಟ್ಟಾಣಿ, ಅಂದಳು ನೀರು ತಂದ ಸುಗಂಧಾ.
ಬಲೆಗೆ ಕಟ್ಟುವ ಗುಂಡು, ಅಂದ ಕೋಳಿವಾಡದ ಹುಡುಗ.
ಮುಕಾದಮ ಮಾತ್ರ ನಾಲ್ಕು ಹೆಜ್ಜೆ ಹಿಂದೆ ಸರಿದು,
‘ನಲವತ್ನಾಲ್ಕರಾಗ ಗೋದಿ ಸಿಡಿದಾಗ ಬಿದ್ದದ್ದಿರಬೇಕು,
ಬಡೀಬ್ಯಾಡ್ರೋ.’

ನಾನು ಬಡಿದೆ. ಠಣ್ ಅನ್ನಲಿಲ್ಲ, ಠಪ್ ಎಂದಿತು.
ತುದಿ ಮುರಿದಲ್ಲಿ ಬೂದು ಹರಳು, ಒದ್ದೆ ಕಲ್ಲುಸಕ್ಕರೆ.
ಬಾಗುವ ಜಾತಿಯಲ್ಲ, ಮುರಿಯುವುದು. ಬೀಡು.
ನಮ್ಮ ಕಡೆ ಮನೆಗೂ
ದಂಡು ಇಳಿದ ಜಾಗಕ್ಕೂ ಅದೇ ಮಾತು.

ಪಾಖಾಡಿಯ ಬಡಗಿ ಪಾಸ್ಕೂ ಕನ್ನಡಕ ಒರೆಸಿ
ತೂತಿಗೆ ಕಿರುಬೆರಳು ಹಾಕಿ ನಕ್ಕ:
‘ಕಿಟಕಿಯದು. ಮೇಲಕ್ಕೆ ಸರಿಸುವ ಕಿಟಕಿ.
ಚೌಕಟ್ಟಿನ ಪೊಳ್ಳಿನಲ್ಲಿ ಹಗ್ಗಕ್ಕೆ ಜೋತುಬಿದ್ದು
ಗಾಜು ಏರಿದರೆ ಇದು ಇಳಿಯಬೇಕು.
ಗೋಡೆ ಬೀಳುವ ತನಕ ಯಾರೂ ನೋಡಿರೋದಿಲ್ಲ.’

ಯಾವ ಕಿಟಕಿ? ಗೋಡೆಯೇ ಇಲ್ಲ.
ಇದ್ದಲ್ಲಿ ಈಗ ಕಂಟೇನರ್ ಲಾರಿ, ಅದರಾಚೆ ಕ್ರೇನು,
ಲಾರಿಯ ನೆರಳಲ್ಲಿ ಡಬ್ಬಿ ಬಿಚ್ಚಿದ ಕ್ಲೀನರ್.

ಸಂಜೆ ದಾರುಖಾನೆಯ ಗುಜರಿಯಲ್ಲಿ ಅನ್ವರ್
ಹಳೇ ತಕ್ಕಡಿಯ ಒಂದು ತಟ್ಟೆಗೆ ಎರಡನ್ನೂ ಇಟ್ಟ.
ಅದು ನೆಲ ಕಚ್ಚಿತು.
ಖಾಲಿ ತಟ್ಟೆ ಏರಿತು, ಏರಿತು, ನನ್ನ ಹಣೆಯ ಮಟ್ಟಕ್ಕೆ;
ಅದರಡಿಯಿಂದ ಖಾರಿಯ ಗಾಳಿ ಬಂತು
ಒಂದಿಷ್ಟು.

‘ಕಲ್ಲು ಇಡಲಾ?’ ಅಂದ.
ತಡಿ, ಅಂದೆ.