ನಡಾವಳಿ

ಸಭೆ ನಡೆಯಿತು ಎಂದು ಬರೆದೆ.
ಮೊದಲನೆಯದಕ್ಕೂ ಹಾಗೇ ಬರೆದಿದ್ದೆ,
ಏಳನೆಯದಕ್ಕೂ.
ದಾವಣಗೆರೆ ಪಾಲಿಕೆಯ ಎರಡನೇ ಮಹಡಿ,
ಉದ್ದ ಮೇಜು, ನೀರಿನ ಬಾಟಲಿ, ಗೋಡಂಬಿ ತಟ್ಟೆ,
ಕಾಲ್ನಡಿಗೆ ಹಾಗೂ ಸೈಕಲ್ ಸಂಚಾರದ
ನಾಗರಿಕ ಸಲಹಾ ಸಮಿತಿ.
ಇಡೀ ಕೋಣೆಯಲ್ಲಿ ನಡೆದದ್ದು
ಸಭೆಯೊಂದೇ.

ನಾನು ಬರೆಯುವವಳು. ದ್ವಿತೀಯ ದರ್ಜೆ.
ಮಾತಾಡುವ ಹಾಗಿಲ್ಲ.
ಯಾರು ಏನಂದರೋ ಅದನ್ನು ಒಗೆದು, ಹಿಂಡಿ,
ಸರ್ಕಾರಿ ಕನ್ನಡದ ಹಗ್ಗಕ್ಕೆ
ಹರವಬೇಕು.

ಮಂಡಕ್ಕಿ ಭಟ್ಟಿಯ ದುಗ್ಗವ್ವ ಅಂದದ್ದು:
"ಫುಟ್‌ಪಾತ್ ಮಾಡ್ಯಾರಲ್ಲ ಸಾರ್, ಮೊಣಕಾಲೆತ್ತರ.
ತಲೆ ಮ್ಯಾಲೆ ಚೀಲ ಹೊತ್ಕಂಡು
ಹತ್ತಿ ಇಳಿಯೋದ್ರೊಳಗೆ ಹೊತ್ತು ಮೀರ್ತತಿ."
ನಾನು ಬರೆದದ್ದು:
ಪಾದಚಾರಿ ಮಾರ್ಗದ ಎತ್ತರದ ಕುರಿತು
ಸದಸ್ಯರೊಬ್ಬರು ಗಮನ ಸೆಳೆದರು.

ಆಜಾದ್ ನಗರದ ಸೈಕಲ್ ಶಾಪಿನ ಖಾಜಾ ಸಾಬರು
ಗ್ರೀಸಿನ ಉಗುರುಗಳನ್ನು ಮೇಜಿನ ಕೆಳಗೇ ಇಟ್ಟುಕೊಂಡು:
"ಆ ಹಸಿರು ಪಟ್ಟಿ ಶುರುವಾಗೋದು ಬೇಕರಿ ಮುಂದೆ,
ಮುಗಿಯೋದು ಟ್ರಾನ್ಸ್‌ಫಾರ್ಮರಿಗೆ ಗುದ್ದಿ.
ನನಗೇನೂ ಲುಕ್ಸಾನಿಲ್ಲ ಬಿಡಿ,
ವಾರಕ್ಕೆ ನಾಲ್ಕು ರಿಮ್ಮು ಸೊಟ್ಟ ಬರ್ತವೆ."
ಎಲ್ಲರೂ ನಕ್ಕರು.
ನಗು ದಾಖಲಾಗುವುದಿಲ್ಲ.

ನಿವೃತ್ತ ಎಂಜಿನಿಯರ್ ಬಕ್ಕೇಶಪ್ಪನವರದು
ಪ್ರತಿ ಸಲವೂ ಅಗಲದ ಅಳತೆ.
ಕಣ್ಣು ಕಾಣದ ಸಂಗೀತದ ಮೇಷ್ಟ್ರು ವಾಮದೇವಯ್ಯ
ಏಳು ಸಭೆಗಳಲ್ಲಿ ಕೇಳಿದ್ದು ಒಂದೇ:
"ಆ ಕಿಟಕಿ ತೆಗೀತೀರಾ?
ಊರು ಕೇಳಿಸ್ತಿಲ್ಲ."
ಎಸಿ ಇದೆ ಮೇಷ್ಟ್ರೇ, ಎಂದರು ಅಧ್ಯಕ್ಷರು.

ಎಂಟನೆಯದು ಸ್ಥಳ ಪರಿಶೀಲನೆ.
ಎರಡು ಕಾರು ಹೊರಟವು.
ಅಶೋಕ ರಸ್ತೆಯಲ್ಲಿ ಗೇಟು ಬಿತ್ತು,
ಗೂಡ್ಸು ಬಂತು, ಬಂದದ್ದು ನಿಂತಿತು,
ಹಿಂದೆ ಆಟೋ, ಮುಂದೆ ಲಾರಿ, ಮಗ್ಗುಲಿಗೆ ಎಮ್ಮೆ.
ಹತ್ತು ನಿಮಿಷ.
ಇಪ್ಪತ್ತು.
ಗೋಡಂಬಿಯೂ ಇಲ್ಲ.

ಮೊದಲು ಬಾಗಿಲು ತೆಗೆದವರು ವಾಮದೇವಯ್ಯ.
ಕೋಲು ಊರಿ ಮೂಗರಳಿಸಿದರು:
"ಬಲಕ್ಕೆ ಬೆಣ್ಣೆ ಕಾಯ್ತಾ ಇದೆ. ಅಂದರೆ
ಇಲ್ಲಿಂದ ನಲವತ್ತು ಹೆಜ್ಜೆಗೆ ಸಂದಿ,
ಸಂದಿ ಕೊನೆಗೆ ಹಳಿ ಕೆಳಗೊಂದು ಕಿರುದಾರಿ.
ತಲೆ ಬಗ್ಗಿಸಬೇಕು. ಎತ್ತರದವರು ಹೆಚ್ಚು."
ಹೊರಟೇಬಿಟ್ಟರು.
ಅವರ ಹಿಂದೆ ದುಗ್ಗವ್ವ, ಆಮೇಲೆ ಖಾಜಾ ಸಾಬರು,
ಆಮೇಲೆ, ಬಿಡುವುದಾದರೂ ಹೇಗೆ,
ಸಮಿತಿ.

ಚರಂಡಿಯ ಕಲ್ಲೊಂದು ಅಲ್ಲಾಡಿತು.
ಅಧ್ಯಕ್ಷರ ಕಾಲು ಹಿಮ್ಮಡಿವರೆಗೆ ಒಳಗೆ ಹೋಗಿ
ಬೂಟಿಲ್ಲದೆ ಹೊರಗೆ ಬಂತು.
ಯಾರೂ ನಗಲಿಲ್ಲ.
ದುಗ್ಗವ್ವ ಬಗ್ಗಿ ಕೈಹಾಕಿ ಬೂಟು ತೆಗೆದು
ಗೋಡೆಗೆ ಎರಡು ಸಲ ಬಡಿದು ಕೊಟ್ಟಳು,
ಮೊಮ್ಮಗನದನ್ನು ಕೊಟ್ಟಂತೆ.
ಅವರು ಯಾರ ಮುಖವನ್ನೂ ನೋಡದೆ ಅಂದರು:
"ಇದನ್ನ ಬರ್ಕೊಳ್ರಿ."
ಪೆನ್ನಿತ್ತು, ಪುಸ್ತಕ ಕಾರಿನಲ್ಲಿತ್ತು.
ಅಂಗೈ ಮೇಲೆ ಬರೆದುಕೊಂಡೆ: ಕಲ್ಲು.

ಸಂಜೆ ಕೂತು ಬರೆದೆ:
ಸದಸ್ಯರು ನಡೆದರು.
ಎಂಟು ನಡಾವಳಿಗಳಲ್ಲಿ ಮೊದಲ ಬಾರಿಗೆ
ಆ ಕ್ರಿಯಾಪದಕ್ಕೆ ಕಾಲು ಬಂದಿತ್ತು.
ಮ್ಯಾನೇಜರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ
"ನಡೆದರು ಅಂದ್ರೆ ಎಲ್ಲಿಗೆ?
ಪರಿಶೀಲನೆ ನಡೆಯಿತು ಅಂತ ಮಾಡಮ್ಮ, ನಡೆಯುತ್ತೆ."
ಮಾಡಿದೆ.
ಕೆಳಗಿಳಿದು ಜನರೇಟರಿನ ಸರಳಿಗೆ ಬಿಗಿದಿದ್ದ
ನನ್ನ ಸೈಕಲ್ಲಿನ ಬೀಗ ತೆಗೆದೆ.
(ಏಳು ಸಭೆ ಆದರೂ
ನನ್ನನ್ನು ಯಾರೂ ಕೇಳಿರಲಿಲ್ಲ, ನೀನು ಹೇಗೆ ಬರ್ತೀ ಅಂತ.)
ಹ್ಯಾಂಡಲ್ ಹಿಡಿದ ಅಂಗೈ ಬೆವರಿ
ಮನೆ ಮುಟ್ಟುವಷ್ಟರಲ್ಲಿ ಕಲ್ಲು ಅಳಿಸಿತ್ತು.

ಮರುವಾರ ಅದೇ ದಾರಿಯಲ್ಲಿ ಹೋದೆ.
ಕಲ್ಲು ಹಾಗೇ ಇದೆ. ಆದರೆ ಸಂದಿಯಲ್ಲಿ
ಒಂದು ಕೋಲು ನೆಟ್ಟು ತುದಿಗೆ ಕೆಂಪು ಬಟ್ಟೆ ಕಟ್ಟಿದ್ದಾರೆ ಯಾರೋ,
ಹಳೆ ಸೀರೆಯ ಅಂಚು,
ಮಂಡಕ್ಕಿಯ ಹೊಟ್ಟು ಇನ್ನೂ ಅಂಟಿದೆ.

ಒಂಬತ್ತನೆಯ ಸಭೆಗೆ ಅರ್ಧ ಗಂಟೆ ಮೊದಲೇ ಹೋದೆ.
ಚಿಲಕ ತುಕ್ಕು ತಿಂದಿತ್ತು.
ಮರದ ಸ್ಕೇಲಿನಿಂದ ಮೀಟಿದೆ, ಸ್ಕೇಲು ಮುರಿಯಿತು,
ಕಿಟಕಿ
ಎರಡು ಬೆರಳಷ್ಟು ತೆರೆಯಿತು.