ಹಿಮ್ಮಡಿ ತಿರುಗುವಾಗ

ಮಡಿಕೇರಿಯ ಮಿಲಿಟರಿ ಕ್ಯಾಂಟೀನಿನ ಮುಂದೆ
ತಿಂಗಳ ಮೊದಲ ವಾರ, ಎಂಟು ಗಂಟೆಗೇ ಸಾಲು.
ಮಂಜು ಇನ್ನೂ ಗೇಟಿನ ಕಂಬಿಗೆ ಆತುಕೊಂಡಿದೆ.
ಎಲ್ಲರ ಕೈಯಲ್ಲೂ ಚೀಲ, ಕಾರ್ಡು, ಬಗಲಲ್ಲಿ ಕೊಡೆ;
ನನ್ನ ಕೈಯಲ್ಲಿ ನಾಲ್ಕು ಕಡ್ಡಿ,
ಅರವತ್ತು ಕುಣಿಕೆ,
ಕೋಟಿನ ಜೇಬಿನೊಳಗೆ ಮೊಲದ ಮರಿಯ ಹಾಗೆ
ಆಗಾಗ ಮಿಸುಕುವ ಬೂದು ಉಣ್ಣೆಯುಂಡೆ.

"ಏನು ಹವಾಲ್ದಾರರೇ, ಮನೆಯಲ್ಲಿ ಬಾಣಂತನವೋ?"
ಹಿಂದಿನಿಂದ ಯಾರೋ.
ಹದಿನೇಳು, ಹದಿನೆಂಟು, ಎಂದೆ.
ಎಣಿಸುವವನಿಗೆ ಇದೊಂದು ಸುಖ:
ಸುತ್ತು ಮುಗಿಯುವ ತನಕ
ಯಾರಿಗೂ ಉತ್ತರ ಕೊಡಬೇಕಾಗಿಲ್ಲ.

ಕಲಿತದ್ದು ಪಠಾಣಕೋಟದ ಆಸ್ಪತ್ರೆಯಲ್ಲಿ,
ಎಡಗಾಲು ಪ್ಲಾಸ್ಟರಿನಲ್ಲಿ ತೂಗಿದ ಚಳಿಗಾಲ.
ಪಕ್ಕದ ಮಂಚದ ಲೇಖರಾಮ, ಕುಲ್ಲು ಕಡೆಯವನು,
ಮೀಸೆ ನೋಡಿದರೆ ಹುಲಿ, ಬೆರಳು ನೋಡಿದರೆ ಜೇಡ.
ಪ್ಲಾಸ್ಟರಿನಾಚೆ ನನ್ನ ಐದು ಬೆರಳು ನೀಲಿಗಟ್ಟಿದ್ದು ಕಂಡು
ಮಾತಿಲ್ಲದೆ ಕಂಬಳಿಯ ಮೇಲೆ ಎಸೆದ
ಕಡ್ಡಿಗಳನ್ನ, ಒಂದು ಲಡಿ ನೂಲನ್ನ.
ಹದಿಮೂರು ಸಲ ಬಿಚ್ಚಿದೆ.
ಹದಿನಾಲ್ಕನೆಯದು ಟೋಪಿಯೋ ಗೂಡೋ
ನೋಡಿದವರಿಗೆ ತಿಳಿಯಲಿಲ್ಲ,
ಬೆರಳುಗಳಿಗೆ ತಿಳಿಯಿತು.

ಈಗ ಮಕ್ಕಂದೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೆಣೆಯುತ್ತೇನೆ.
ಮೀನಖಂಡದಿಂದ ಇಳಿಯುವಾಗ ನಿದ್ದೆ ಬರುವಂಥ ದಾರಿ:
ಎರಡು ಸೀದಾ, ಎರಡು ಉಲ್ಟಾ,
ಎರಡು ಸೀದಾ, ಎರಡು ಉಲ್ಟಾ.
ಆಮೇಲೆ ಹಿಮ್ಮಡಿ.
ಅಲ್ಲಿ ನಾನು ಬೆನ್ನು ನೆಟ್ಟಗೆ ಮಾಡಿ ಕೂರುತ್ತೇನೆ,
ಸಂಪಾಜೆ ಘಾಟಿಯಲ್ಲಿ ಡ್ರೈವರು ಗೇರು ಇಳಿಸುವ ಹಾಗೆ.
ಕೊನೆಯ ತನಕ ಹೋಗಬಾರದು,
ನಡುದಾರಿಯಲ್ಲೇ ತಿರುಗಿ ಬರಬೇಕು,
ಮತ್ತೆ ಒಂದೇ ಒಂದು ಕುಣಿಕೆ ಮುಂದೆ ಹೋಗಿ
ಮತ್ತೆ ತಿರುಗಬೇಕು.
(ಪಲ್ಟನ್ನಿನಲ್ಲಿ ಇದನ್ನು ಕಲಿಸಿರಲಿಲ್ಲ.)
ಹೀಗೆ ಹಿಂದೆ ಮುಂದೆ ನೋಡುತ್ತಿರುವಾಗಲೇ
ಚಪ್ಪಟೆ ಬಟ್ಟೆಗೆ ಒಂದು ಬೊಗಸೆ ಮೂಡುತ್ತದೆ,
ಪ್ರತಿ ಸಲವೂ, ಯಾರೋ ಒಳಗಿಂದ ಊದಿದಂತೆ.
ಮೊನ್ನೆ ಕಂಡಕ್ಟರ್ ಹರಿಣಾಕ್ಷ
ಕೊಡಬೇಕಿದ್ದ ಏಳು ರೂಪಾಯಿ ಚಿಲ್ಲರೆಯನ್ನ
ಅದರೊಳಗೇ ಹಾಕಿ ಮುಂದಿನ ಸೀಟಿಗೆ ಹೋದ.

ಮನೆಯಲ್ಲಿ ಪೊನ್ನವ್ವನಿಗೆ ಈ ಟಿಕಟಿಕ
ಹಲ್ಲಿ ಲೊಚಗುಟ್ಟಿದಂತೆ.
ಆದರೂ ಕಡಂಬುಟ್ಟು ಬೆಂದಿದೆಯೋ ಚುಚ್ಚಿ ನೋಡಲು
ಅವಳಿಗೆ ನನ್ನದೇ ಕಡ್ಡಿ ಆಗಬೇಕು.
ಎಷ್ಟೋ ಕಾಲುಚೀಲಗಳ ಮೊದಲ ಸುತ್ತಿಗೆ
ಅಕ್ಕಿತರಿಯ ಹಬೆಯ ವಾಸನೆ.
ತೊಟ್ಟವರು ಯಾರೂ ದೂರಿಲ್ಲ.
ದೂರುವುದು ಜಿಗಣೆಯ ವಿಷಯಕ್ಕೆ:
ತೋಟದಲ್ಲಿ ನನ್ನ ಹೆಣಿಗೆ ಅದಕ್ಕೆ
ಅಗುಳಿಯಿಲ್ಲದ ಬಾಗಿಲಂತೆ.

ಕಷ್ಟ ಇರುವುದು ಎರಡನೆಯದರಲ್ಲಿ.
ಮೊದಲನೆಯದು ಮುಗಿದ ರಾತ್ರಿ ಅದನ್ನು ಕೈಗೆ ತೊಟ್ಟು
ಗೋಡೆಯ ಮೇಲೆ ಬಾತುಕೋಳಿ ಮಾಡಿ ಆಡಿಸಿದ್ದೂ ಉಂಟು.
ಬೆಳಗಾದರೆ ಅದೇ ಅರವತ್ತು, ಮತ್ತೆ ಒಂದರಿಂದ;
ಕೇಳಿದ ಕತೆಯನ್ನೇ
ಕೇಳಿದವನಿಗೇ ಹೇಳಿದ ಹಾಗೆ.
ಟ್ರಂಕಿನಲ್ಲಿವೆ ಏಳು ಒಂಟಿಗಳು.

"ಒಂಬತ್ತನೇ ನಂಬರು," ಎಂದ
ಸಾಲಿನಿಂದ ಹೊರಬಂದ ನಾಯಕ್ ಪಳಂಗಪ್ಪ.
"ಎಡದ್ದು. ಒಂದು ಸಾಕು."
ಬಾಣಂತನ ಕೇಳಿದ್ದ ದನಿ ಅವನದೇ.
ಊರುಗೋಲಿನ ರಬ್ಬರು ಒದ್ದೆ ಸಿಮೆಂಟಿನ ಮೇಲೆ ಕೀಚೆಂದಿತು.
ಸುತ್ತಲಿನವರು ತಂತಮ್ಮ ಕಾರ್ಡು ಓದತೊಡಗಿದರು.
ನಾನು ಬಗ್ಗಿ ಅವನ ಪಾದ ನೋಡಿದೆ:
ಅಗಲ ಅಂಗಾಲು, ಹೆಬ್ಬೆರಳು ಸ್ವಲ್ಪ ಸೊಟ್ಟ,
ಚಪ್ಪಲಿಯ ಪಟ್ಟಿಗೆ ಉಜ್ಜಿ ಕಪ್ಪಾದ ಗೆಣ್ಣು.
"ಇಷ್ಟು ವರ್ಷ ಎಲ್ಲಿ ಹಾಳಾಗಿ ಹೋಗಿದ್ದೆ ಮಾರಾಯ?
ಎರಡನೆಯದು ಬೇಡವೆನ್ನುವ ಗಿರಾಕಿ
ನನಗೆ ಈತನಕ ಸಿಕ್ಕಿರಲಿಲ್ಲ."

ಅವನು ನಕ್ಕ ರಭಸಕ್ಕೆ ಊರುಗೋಲು ಜಾರಿ
ಹಿಂದಿನವರು ಹಿಡಿದುಕೊಳ್ಳಬೇಕಾಯಿತು.

ಅಷ್ಟರಲ್ಲಿ ಕಿಟಕಿ ತೆರೆದು
"ಮುಂದಿನವರು ಬನ್ನಿ" ಎಂದ ಹುಡುಗ.
ಹಿಮ್ಮಡಿ ಅರ್ಧ ತಿರುಗಿತ್ತು.
ತಡೆಯಪ್ಪ, ಎಂದೆ,
ಈ ಸಾಲೊಂದು ಮುಗಿಯಲಿ.